ಮನೆಯ ಉಪ್ಪಿನ ಲೆಕ್ಕ

(ಸೊಲ್ಲಾಪುರದ ನಮ್ಮ ಉಚಿತ ವಾಚನಾಲಯದ ತಿಂಗಳ ಉಪನ್ಯಾಸದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಪ್ರತಿ ತಿಂಗಳೂ ಈ ಮೇಜಿನ ಹಿಂದೆ ನಿಂತು ಮಾತಾಡುವವರು ಅಧ್ಯಾಪಕರು, ವಕೀಲರು ಇಲ್ಲವೆ ಸಾಹಿತಿಗಳು. ನಾನು ಈ ಯಾವ ವರ್ಗಕ್ಕೂ ಸೇರಿದವನಲ್ಲ. ಮ್ಯಾಟ್ರಿಕ್ ಪಾಸಾಗಿ ಒಂದು ನೂಲಿನ ಗಿರಣಿಯಲ್ಲಿ ಕಾರಕೂನನಾಗಿದ್ದೇನೆ. ಸಂಜೆ ಎರಡು ತಾಸು ಇಲ್ಲಿ ಬಂದು ಪತ್ರಿಕೆಗಳನ್ನು ಹೊಂದಿಸಿಡುತ್ತೇನೆ. ಅಂಥವನು ಅಡಿಗೆಯ ಉಪ್ಪಿನ ವಿಷಯವಾಗಿ, ಅದೂ ಇಷ್ಟು ಜನ ತಾಯಂದಿರ ಎದುರಿಗೆ ಮಾತಾಡುವದೆಂದರೆ ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದಂತೆ ಆದೀತು. ಆದರೂ ಧೈರ್ಯ ಮಾಡಿದ್ದೇನೆ. ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಸಂಘದವರು ಇದೇ ಕೋಣೆಯಲ್ಲಿ ಒಂದು ದಿನ ರಕ್ತದ ಒತ್ತಡ ತಪಾಸಣೆಯನ್ನು ಇಟ್ಟುಕೊಂಡಿದ್ದರು. ಹೆಸರು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವೈದ್ಯರು ಒಬ್ಬೊಬ್ಬರನ್ನೇ ನೋಡಿ, ಮಾತ್ರೆ ಬೇಕಾದವರಿಗೆ ಮಾತ್ರೆ ಬರೆದುಕೊಟ್ಟರು. ಆದರೆ ಬಹಳ ಜನರಿಗೆ ತಪ್ಪದೆ ಹೇಳಿದ ಮಾತು ಒಂದೇ: "ಉಪ್ಪು ಕಡಿಮೆ ಮಾಡಿರಿ." ಒಬ್ಬ ತಾಯಿ ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತು ಕೇಳಿದರು: "ಕಡಿಮಿ ಮಾಡ್ರಿ ಅಂತಾರ, ಖರೆ. ಆದ್ರ ಸಪ್ಪಗ ಮಾಡಿದ್ರ ನಮ್ಮ ಮನ್ಯಾಗ ತಾಟು ಯಾರೂ ಮುಟ್ಟೂದಿಲ್ಲ. ಹ್ಯಾಂಗ ಮಾಡ್ಬೇಕು, ಅದನ್ನ ಯಾರು ಹೇಳ್ತಾರ?" ಹೊರಗೆ ಸಾಲು ಉದ್ದವಾಗಿತ್ತು. ವೈದ್ಯರಿಗೆ ಅಷ್ಟು ಪುರಸತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ನಾನು ನಮ್ಮ ವಾಚನಾಲಯದ ಪುಸ್ತಕಗಳಲ್ಲಿಯೂ, ನಮ್ಮ ಓಣಿಯ ಅಡಿಗೆಮನೆಗಳಲ್ಲಿಯೂ ಹುಡುಕಿದೆ. ಸಿಕ್ಕದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲೇ ಒಂದು ಮಾತು. ಉಪ್ಪನ್ನು ಹಳಿಯುವದಕ್ಕಾಗಿ ನಾನು ನಿಂತಿಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಮ್ಮ ಹಿರಿಯರು ಅದನ್ನು ತಾಯಿಯ ಸರಿಗೆ ತಂದು ಕೂಡಿಸಿದ್ದಾರೆ. ೧೯೩೦ರಲ್ಲಿ ಗಾಂಧೀಜಿಯವರು ದಾಂಡಿಗೆ ನಡೆದದ್ದು ಉಪ್ಪಿಗಾಗಿ. ಅದೇ ವರ್ಷ ನಮ್ಮ ಕನ್ನಡ ಕರಾವಳಿಯ ಅಂಕೋಲೆಯಲ್ಲಿ ಜನರು ಕಾಯದೆ ಮುರಿದು ಉಪ್ಪು ಮಾಡಿದರು. ಆ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ಇದೇ ಸೊಲ್ಲಾಪುರದ ಗಿರಣಿ ಕೆಲಸಗಾರರು ಬೀದಿಗೆ ಇಳಿದರು. ಊರಿಗೆ ಲಷ್ಕರಿ ಕಾಯದೆ ಬಂದಿತು. ೧೯೩೧ರ ಜನೇವರಿ ೧೨ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯರವಡಾ ಜೇಲಿನಲ್ಲಿ ಗಲ್ಲಿಗೆ ಹಾಕಿದರು. ಅವರ ಹೆಸರಿನ ಚೌಕವನ್ನು ನಾವು ದಿನವೂ ದಾಟಿ ಹೋಗುತ್ತೇವೆ. ಬಡವನ ರೊಟ್ಟಿಗೆ ಬೇಕಾದ ಉಪ್ಪಿನ ಮೇಲೆ ತೆರಿಗೆ ಕೂಡದು ಎಂಬ ಹೋರಾಟದಲ್ಲಿ ನಮ್ಮ ಊರಿನ ಪಾಲು ಇಷ್ಟು ದೊಡ್ಡದು. ಆದುದರಿಂದ ಉಪ್ಪಿನ ವಿಷಯದಲ್ಲಿ ಅಗ್ಗದ ಮಾತು ಆಡಬಾರದು. ದೇಹಕ್ಕೆ ಉಪ್ಪು ಬೇಕೇಬೇಕು. ಪ್ರಶ್ನೆಯಿರುವದು ಎಷ್ಟು ಬೇಕು ಎಂಬುದರಲ್ಲಿ.

ಉಪ್ಪಿನ ತೂಕದಲ್ಲಿ ನೂರಕ್ಕೆ ಸುಮಾರು ೪೦ ಪಾಲು ಸೋಡಿಯಂ ಎಂಬ ವಸ್ತು. ಅದು ರಕ್ತದಲ್ಲಿ ಹೆಚ್ಚಾದರೆ ದೇಹವು ಅದರೊಡನೆ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನಳಿಗೆಯಲ್ಲಿ ಹೆಚ್ಚು ನೀರು ಹರಿಯಬೇಕಾದರೆ ಒತ್ತಡ ಏರುವದು ಸಹಜ. ವರ್ಷಗಟ್ಟಲೆ ಹೀಗೆ ನಡೆದರೆ ರಕ್ತನಾಳಗಳು ಪೆಡಸಾಗುತ್ತವೆ; ಹೃದಯ, ಮೂತ್ರಪಿಂಡ, ಮಿದುಳು ಈ ಮೂರಕ್ಕೂ ಪೆಟ್ಟು ತಗಲುತ್ತದೆ. ಲಕ್ವಕ್ಕೆ ದೊಡ್ಡ ಕಾರಣ ರಕ್ತದ ಒತ್ತಡವೇ.

ದೊಡ್ಡವರು ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿಯೂ ೫ ಗ್ರಾಮು ಎಂದೇ ಇದೆ. ನಾವು ತಿನ್ನುವದೆಷ್ಟು? ೨೦೧೭-೧೮ರಲ್ಲಿ ದೇಶದಲ್ಲೆಲ್ಲ ಜನರ ಮೂತ್ರವನ್ನು ಪರೀಕ್ಷಿಸಿ ನೋಡಿದಾಗ ಸರಾಸರಿ ಒಬ್ಬರಿಗೆ ದಿನಕ್ಕೆ ಸುಮಾರು ೮ ಗ್ರಾಮು ಬಂದಿತು. ಉಪ್ಪು ಇಳಿಸಿದರೆ ಒತ್ತಡ ಇಳಿಯುತ್ತದೆ ಎಂಬುದನ್ನು ಅಮೇರಿಕೆಯಲ್ಲಿ ೪೧೨ ಜನರಿಗೆ ಅಳೆದ ಊಟವನ್ನು ಕೊಟ್ಟು ಪರೀಕ್ಷಿಸಿದ್ದಾರೆ. ೨೦೦೧ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಒತ್ತಡದ ರೋಗವಿದ್ದವರಿಗೂ ಇಲ್ಲದವರಿಗೂ ಉಪ್ಪು ಇಳಿದಂತೆ ಒತ್ತಡ ಇಳಿಯಿತು. ಇದಕ್ಕಿಂತ ಹೆಚ್ಚಿನ ಶಾಸ್ತ್ರ ನನಗೆ ಬರುವದಿಲ್ಲ, ಬೇಕಾಗಿಯೂ ಇಲ್ಲ. ೮ ಗ್ರಾಮಿನಿಂದ ೫ಕ್ಕೆ ಇಳಿಯುವದು ಹೇಗೆ ಎಂಬುದೇ ನಮ್ಮ ಕೆಲಸ.

ಕಾರಕೂನನಿಗೆ ತಿಳಿದ ದಾರಿ ಲೆಕ್ಕದ ದಾರಿ. ದಿನಕ್ಕೆ ೫ ಗ್ರಾಮು ಎಂದರೆ ಮನೆಯಲ್ಲಿ ಯಾರಿಗೂ ಅರ್ಥವಾಗುವದಿಲ್ಲ. ತಕ್ಕಡಿ ಇಟ್ಟುಕೊಂಡು ಯಾರು ಅಡಿಗೆ ಮಾಡುತ್ತಾರೆ? ಆದರೆ ಕಿರಾಣಿ ಅಂಗಡಿಯಿಂದ ೧ ಕಿಲೋ ಉಪ್ಪಿನ ಪೊಟ್ಟಣ ಎಲ್ಲರ ಮನೆಗೂ ಬರುತ್ತದೆ. ಸಾವಿರ ಗ್ರಾಮನ್ನು ಐದರಿಂದ ಭಾಗಿಸಿದರೆ ೨೦೦. ಈ ೨೦೦ನ್ನು ಮನೆಯ ಮಂದಿಯಿಂದ ಭಾಗಿಸಿರಿ. ನಾಲ್ಕು ಮಂದಿಯಿದ್ದರೆ ೫೦ ದಿವಸ, ಐದು ಮಂದಿಯಿದ್ದರೆ ೪೦ ದಿವಸ ಆ ಪೊಟ್ಟಣ ಬರಬೇಕು. ಸಣ್ಣ ಮಕ್ಕಳಿಬ್ಬರನ್ನು ಒಬ್ಬರೆಂದು ಹಿಡಿಯಿರಿ. ಪೊಟ್ಟಣ ಒಡೆದ ದಿನ ತಾರೀಖನ್ನು ಅದರ ಮೇಲೆಯೇ ಬರೆಯಿರಿ. ಮುಗಿದ ದಿನ ನೋಡಿರಿ. ನಾಲ್ಕು ಮಂದಿಯ ಮನೆಯಲ್ಲಿ ೨೫ ದಿವಸಕ್ಕೆ ಮುಗಿದಿದ್ದರೆ ತಲೆಗೆ ೧೦ ಗ್ರಾಮು ಬಿದ್ದಿತು ಎಂದಾಯಿತು. ಉಪ್ಪಿನಕಾಯಿ ಹಾಕುವ ಹಂಗಾಮಿನಲ್ಲಿ ಅದಕ್ಕೆ ಬೇರೆ ಪೊಟ್ಟಣ ತಂದರೆ ಲೆಕ್ಕ ಕೆಡುವದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹೊರಗೆ ತಿಂದ ಉಪ್ಪು ಈ ಪೊಟ್ಟಣದಲ್ಲಿ ಕಾಣಿಸುವದಿಲ್ಲ. ಚಹದಂಗಡಿಯ ಮಿರ್ಚಿ ಭಜಿ, ಪಾವು, ಚಿವಡಾ, ಫರಸಾಣ, ಬಿಸ್ಕೀಟು, ಅಂಗಡಿಯ ಹಪ್ಪಳ, ಎಲ್ಲದರಲ್ಲಿಯೂ ಉಪ್ಪಿದೆ. ಕೆಲವುಗಳಲ್ಲಿ ಸೋಡಾ ಇದ್ದು, ಅದರಲ್ಲಿಯೂ ಸೋಡಿಯಂ ಇದೆ. ಹೊರಗಿನ ಈ ಪಾಲಿಗಾಗಿ ನಾಲ್ಕರಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕು. ಹಾಗಾದರೆ ನಾಲ್ಕು ಮಂದಿಯ ಮನೆಯ ೨೦ ಗ್ರಾಮಿನಲ್ಲಿ ಅಡಿಗೆಗೆ ಉಳಿದದ್ದು ೧೫ ಗ್ರಾಮು. ಚಹದ ಸಣ್ಣ ಚಮಚ ಸಮತಟ್ಟಾಗಿ ತುಂಬಿದರೆ ಪುಡಿ ಉಪ್ಪು ಸುಮಾರು ೬ ಗ್ರಾಮು ಹಿಡಿಯುತ್ತದೆ. ಅಂದರೆ ಎರಡೂವರೆ ಚಮಚ.

ಇಲ್ಲಿಂದ ನನ್ನ ಮೊದಲನೆಯ ಸೂಚನೆ. ಬೆಳಿಗ್ಗೆ ಎದ್ದೊಡನೆ ಎರಡೂವರೆ ಚಮಚ ಉಪ್ಪನ್ನು ಒಂದು ಸಣ್ಣ ಬಟ್ಟಲಿಗೆ ಹಾಕಿಡಿರಿ. ಆ ದಿನದ ಅಡಿಗೆಗೆಲ್ಲ ಆ ಬಟ್ಟಲೇ. ದೊಡ್ಡ ಡಬ್ಬಿಯನ್ನು ಮೇಲಿನ ಮಾಡದಲ್ಲಿ ಇಟ್ಟುಬಿಡಿರಿ. ಬೆಳಗಿನ ಉಪ್ಪಿಟ್ಟಿಗೆ ಅರ್ಧ ಚಮಚ, ಪಲ್ಯಕ್ಕೆ ಅರ್ಧ, ಬೇಳೆಗೆ ಮುಕ್ಕಾಲು, ರಾತ್ರಿಯ ಜುಣಕಕ್ಕೆ ಅರ್ಧ. ಇನ್ನೂ ಕಾಲು ಚಮಚ ಮಜ್ಜಿಗೆಗೆ ಉಳಿಯುತ್ತದೆ. ಕೈಯಳತೆಯಿಂದ ಹಾಕುವವರಿಗೆ ಚಮಚ ಅವಮಾನವೆಂದು ತೋರಬಹುದು. ಆದರೆ ಕೈ ಸುಳ್ಳು ಹೇಳದಿದ್ದರೂ, ಅವಸರದಲ್ಲಿ ಮರೆಯುತ್ತದೆ. ಬೇಳೆಗೆ ಎರಡು ಸಲ ಬಿದ್ದದ್ದು ಊಟಕ್ಕೆ ಕೂತಾಗಲೇ ತಿಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಆ ತಾಯಿ ಹೇಳಿದಂತೆ ತಾಟನ್ನು ಯಾರೂ ಮುಟ್ಟುವದಿಲ್ಲ. ನಾವು ಇಷ್ಟು ಉಪ್ಪು ತಿನ್ನುವದೇಕೆ ಎಂದು ಸ್ವಲ್ಪ ಯೋಚಿಸಬೇಕು. ಪಲ್ಯ ತೆಳ್ಳಗಾಗಿ ರೊಟ್ಟಿ ಹೆಚ್ಚಾದಾಗ ರೊಟ್ಟಿಯನ್ನು ಗಂಟಲಿಗೆ ಇಳಿಸುವದು ಉಪ್ಪು ಮತ್ತು ಖಾರ. ಕೈಯಲ್ಲಿ ದುಡ್ಡು ಕಡಿಮೆಯಿರುವ ಮನೆಯಲ್ಲಿ ಕಾಯಿಪಲ್ಯದ ಜಾಗವನ್ನು ಉಪ್ಪೇ ತುಂಬುತ್ತದೆ. ಅಂಥ ಮನೆಯಿಂದ ಉಪ್ಪನ್ನು ಕಿತ್ತುಕೊಂಡು ಬರಿಯ ಉಪದೇಶ ಕೊಟ್ಟರೆ ಅದು ನಿಷ್ಠುರವಾಗುತ್ತದೆ. ಉಪ್ಪು ತೆಗೆದ ಜಾಗಕ್ಕೆ ರುಚಿಯುಳ್ಳ ಇನ್ನೊಂದು ವಸ್ತುವನ್ನು ತಂದು ಇಡಬೇಕು; ಅದು ಅಗ್ಗವಾಗಿರಬೇಕು; ಮನೆಯಲ್ಲಿಯೇ ಆಗಬೇಕು.

ಅಂಥ ವಸ್ತು ನಮ್ಮಲ್ಲಿ ಹಿಂದಿನಿಂದಲೂ ಇದೆ. ಧಾರವಾಡ, ವಿಜಾಪುರ, ಕಲಬುರ್ಗಿ ಸೀಮೆಯವರು ಹಿಂಡಿ ಎನ್ನುತ್ತಾರೆ. ಮೈಸೂರು ಸೀಮೆಯವರು ಚಟ್ನಿಪುಡಿ, ಸಾರಿನ ಪುಡಿ ಎನ್ನುತ್ತಾರೆ. ಸೊಲ್ಲಾಪುರದ ಶೇಂಗಾ ಚಟ್ನಿಯಂತೂ ಪುಣೆ, ಮುಂಬಯಿಗಳ ಅಂಗಡಿಗಳಲ್ಲಿ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಆದರೆ ಈ ಪುಡಿಗಳಲ್ಲಿ ನಾವು ಉಪ್ಪನ್ನು ಬೆರೆಸಿಬಿಡುತ್ತೇವೆ. ಹೀಗಾಗಿ ಒಂದೇ ತುತ್ತಿನಲ್ಲಿ ಪಲ್ಯದ ಉಪ್ಪು, ಹಿಂಡಿಯ ಉಪ್ಪು, ಉಪ್ಪಿನಕಾಯಿಯ ಉಪ್ಪು ಮೂರೂ ಸೇರುತ್ತವೆ. ಲೆಕ್ಕ ನೋಡಿರಿ: ೩೦೦ ಗ್ರಾಮು ಶೇಂಗಾ ಹಿಂಡಿಗೆ ಎರಡು ಚಮಚ, ಅಂದರೆ ೧೨ ಗ್ರಾಮು ಉಪ್ಪು ಹಾಕಿದೆವು ಎನ್ನೋಣ. ಒಂದು ಊಟಕ್ಕೆ ೨೫ ಗ್ರಾಮು ಹಿಂಡಿ ತಿಂದವನಿಗೆ ಅದರಿಂದಲೇ ೧ ಗ್ರಾಮು ಉಪ್ಪು ಹೋಯಿತು. ಎರಡು ಊಟಕ್ಕೆ ೨ ಗ್ರಾಮು. ದಿನದ ೫ರಲ್ಲಿ ೨ ಗ್ರಾಮು ನಂಜಿಕೊಳ್ಳುವದರಲ್ಲಿಯೇ ಮುಗಿಯಿತು.

ಆದುದರಿಂದ ಎರಡನೆಯ ಸೂಚನೆ: ಪುಡಿಯ ಡಬ್ಬಿಗೆ ಉಪ್ಪು ಹಾಕಬೇಡಿರಿ. ಉಪ್ಪು ಬಟ್ಟಲಿನಲ್ಲಿ ಮಾತ್ರ ಇರಲಿ, ರುಚಿ ಡಬ್ಬಿಯಲ್ಲಿ ಇರಲಿ. ಉಪ್ಪಿಲ್ಲದ ಹಿಂಡಿ ಕೆಡುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಹಿಂಡಿಯನ್ನು ಕಾಯುವದು ಮುಖ್ಯವಾಗಿ ಅದರ ಒಣತನ. ಎಲ್ಲವನ್ನೂ ಚೆನ್ನಾಗಿ ಹುರಿದು, ಆರಿಸಿ, ಒಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಒದ್ದೆ ಚಮಚ ಹಾಕದಿದ್ದರೆ ಹದಿನೈದು ದಿನಕ್ಕೆ ಏನೂ ಆಗುವದಿಲ್ಲ. ಎಣ್ಣೆಕಾಳುಗಳು ಬಹಳ ದಿನವಾದರೆ ಕಮಟು ವಾಸನೆ ಬರುವದರಿಂದ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳುವದು ಲೇಸು.

ಈಗ ಪುಡಿಗಳ ವಿವರ. ನಮ್ಮ ಓಣಿಯ ತಾಯಂದಿರು ಹೇಳಿದ್ದನ್ನು ನಾನು ಬರೆದುಕೊಂಡಿದ್ದೇನೆ.

ಶೇಂಗಾ ಹಿಂಡಿ. ಕಾಲು ಕಿಲೋ ಶೇಂಗಾವನ್ನು ಸಣ್ಣ ಉರಿಯ ಮೇಲೆ, ಅವಸರ ಮಾಡದೆ, ಸಿಪ್ಪೆ ಕಪ್ಪು ಚುಕ್ಕೆಯಾಗುವವರೆಗೆ ಹುರಿದು, ಆರಿದ ಮೇಲೆ ತಿಕ್ಕಿ ಸಿಪ್ಪೆ ಕೇರಬೇಕು. ಹನ್ನೆರಡು-ಹದಿನೈದು ಎಸಳು ಬೆಳ್ಳುಳ್ಳಿ, ಎರಡು ಚಮಚ ಜೀರಿಗೆ, ಒಂದು ಮುಷ್ಟಿ ಕರಿಬೇವು ಇವನ್ನು ಬೇರೆ ಬೇರೆ ಹುರಿಯಬೇಕು. ಬೆಳ್ಳುಳ್ಳಿಯ ಹಸಿ ನೀರು ಪೂರ್ತಿ ಹೋಗಬೇಕು. ಎರಡು ದೊಡ್ಡ ಚಮಚ ಬ್ಯಾಡಗಿ ಮೆಣಸಿನಕಾಯಿಯ ಪುಡಿ, ಅಡಿಕೆಯಷ್ಟು ಒಣ ಹುಣಸೆಹಣ್ಣು ಸೇರಿಸಿ ಒರಳಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟುಕೊಂಡು ಘಮ್ಮೆನ್ನುತ್ತದೆ. ಮಿಕ್ಸರಿನಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುವಬೇಕು. ಬ್ಯಾಡಗಿಯನ್ನೇ ಏಕೆ ಹೇಳುತ್ತೇನೆಂದರೆ, ಅದಕ್ಕೆ ಬಣ್ಣ ಹೆಚ್ಚು, ಉರಿ ಕಡಿಮೆ. ಬಹಳ ಉರಿಯುವ ಖಾರವಿದ್ದರೆ ಹಿಂಡಿಯನ್ನು ಧಾರಾಳವಾಗಿ ಹಾಕಿಕೊಳ್ಳುವದಾಗುವದಿಲ್ಲ.

ಅಗಸಿ ಹಿಂಡಿ. ೨೦೦ ಗ್ರಾಮು ಅಗಸಿಯನ್ನು ಚಟಚಟ ಸಿಡಿಯುವವರೆಗೆ ಹುರಿಯಿರಿ. ಎಂಟು-ಹತ್ತು ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಹುಣಸೆಹಣ್ಣು ಮೇಲಿನಂತೆಯೇ. ಅಗಸಿಯ ಪುಡಿ ಬೇಗ ಕಮಟಾಗುವದರಿಂದ ವಾರಕ್ಕೆ ಸಾಕಾಗುವಷ್ಟೇ ಮಾಡಿರಿ. ಗುರೆಳ್ಳಿನ ಹಿಂಡಿಗೂ ಇದೇ ಕ್ರಮ. ಗುರೆಳ್ಳಿಗೆ ತನ್ನದೇ ಆದ ಸ್ವಲ್ಪ ಕಹಿ ಇರುವದರಿಂದ ಬದನೆಕಾಯಿಯ ಎಣ್ಣೆಗಾಯಿಗೆ ಅದನ್ನು ತುಂಬಿದರೆ ಉಪ್ಪಿನ ಕೊರತೆ ಯಾರ ಗಮನಕ್ಕೂ ಬರುವದಿಲ್ಲ.

ಸಾರಿನ ಪುಡಿ. ಮೈಸೂರು ಕಡೆಯ ಒಬ್ಬ ಅಕ್ಕನವರು ಹೇಳಿದ್ದು: ಒಂದು ಬಟ್ಟಲು ಕೊತ್ತಂಬರಿ ಬೀಜ, ಎರಡು ದೊಡ್ಡ ಚಮಚ ಜೀರಿಗೆ, ಒಂದು ದೊಡ್ಡ ಚಮಚ ಕರಿಮೆಣಸು, ಒಂದೊಂದು ಸಣ್ಣ ಚಮಚ ಮೆಂತ್ಯ ಮತ್ತು ಸಾಸಿವೆ, ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಕಡಲೆಕಾಳಿನಷ್ಟು ಇಂಗು. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಸಾರು ಕಹಿಯಾಗುತ್ತದೆ. ನಾಲ್ಕು ಮಂದಿಯ ಸಾರಿಗೆ ಈ ಪುಡಿ ಎರಡು ಚಮಚ, ಉಪ್ಪು ಮುಕ್ಕಾಲು ಚಮಚ.

ಮಜ್ಜಿಗೆಯ ಪುಡಿ. ಹುರಿದ ಜೀರಿಗೆ ನಾಲ್ಕು ಚಮಚ, ಅಜವಾನ ಒಂದು ಚಮಚ, ಒಣಗಿಸಿದ ಕರಿಬೇವು ಒಂದು ಮುಷ್ಟಿ, ಒಣ ಶುಂಠಿಯ ಪುಡಿ ಅರ್ಧ ಚಮಚ. ಇದು ಚಿಟಿಕೆಯಷ್ಟು ಬಿದ್ದರೆ ಒಂದು ತಂಬಿಗೆ ಮಜ್ಜಿಗೆಗೆ ಉಪ್ಪು ಬೇಕೆಂದು ಎಷ್ಟೋ ಜನರಿಗೆ ಅನ್ನಿಸುವದೇ ಇಲ್ಲ.

ಪೇಟೆಯ ಮಸಾಲೆ ಪೊಟ್ಟಣಗಳ ವಿಷಯ. ಕೆಲವುಗಳಲ್ಲಿ ಉಪ್ಪನ್ನು ಮೊದಲೇ ಬೆರೆಸಿರುತ್ತಾರೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಇಷ್ಟು ಮಿಲಿಗ್ರಾಮು ಎಂದು ಅಚ್ಚಾಗಿರುತ್ತದೆ. ೪೦೦ ಮಿಲಿಗ್ರಾಮು ಸೋಡಿಯಂ ಎಂದರೆ ೧ ಗ್ರಾಮು ಉಪ್ಪು ಎಂದು ತಿಳಿಯಿರಿ. ಓದುವದಕ್ಕೆ ಕಷ್ಟವಾದರೆ ಪೊಟ್ಟಣವನ್ನು ವಾಚನಾಲಯಕ್ಕೆ ತನ್ನಿರಿ, ನಾವು ಓದಿ ಹೇಳುತ್ತೇವೆ.

ಇನ್ನು ಅಡಿಗೆಯ ಕ್ರಮದಲ್ಲಿ ನಾಲ್ಕು ಮಾತು. ಉಪ್ಪನ್ನು ಕೊನೆಗೆ ಹಾಕಿರಿ. ಮೇಲಿನ ಉಪ್ಪು ನಾಲಿಗೆಗೆ ಮೊದಲು ತಗಲುತ್ತದೆ. ಒಳಗೆ ಕುದಿದು ಇಂಗಿದ ಉಪ್ಪಿನ ರುಚಿ ಅಷ್ಟು ತಿಳಿಯುವದಿಲ್ಲ. ಹುಳಿಯನ್ನು ಹೆಚ್ಚಿಸಿರಿ. ನಿಂಬೆಹಣ್ಣು, ಹುಣಸೆ, ಹುಳಿ ಮಜ್ಜಿಗೆ ಯಾವುದಾದರೂ ಸರಿ. ಹುಳಿ ಬಂದಲ್ಲಿ ಸ್ವಲ್ಪ ಉಪ್ಪೇ ಬಹಳವೆನ್ನಿಸುತ್ತದೆ. ಪುಂಡಿಪಲ್ಯಕ್ಕೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ, ಸೊಪ್ಪಿನಲ್ಲಿಯೇ ಹುಳಿಯಿದೆ. ಒಗ್ಗರಣೆಯನ್ನು ಕೊನೆಗೆ, ಬಡಿಸುವ ಮುಂಚೆ, ಬೇಳೆಯ ಮೇಲೆ ಸುರಿಯಿರಿ. ಬೆಳ್ಳುಳ್ಳಿ, ಇಂಗಿನ ವಾಸನೆ ಮೂಗಿಗೆ ಹೋದರೆ ನಾಲಿಗೆ ಅರ್ಧ ತೃಪ್ತಿಪಡುತ್ತದೆ. ಅನ್ನಕ್ಕೂ ರೊಟ್ಟಿಯ ಹಿಟ್ಟಿಗೂ ಉಪ್ಪು ಹಾಕಬೇಡಿರಿ. ಜೋಳದ ರೊಟ್ಟಿಗೆ ಅನೇಕ ಮನೆಗಳಲ್ಲಿ ಉಪ್ಪು ಹಾಕುವದೇ ಇಲ್ಲ. ಇದು ನಮ್ಮ ಊಟದ ದೊಡ್ಡ ಗುಣ. ಪಾವು ತಿನ್ನುವವರಿಗೆ ಈ ಅನುಕೂಲವಿಲ್ಲ.

ಉಪ್ಪಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಎಸರಿನ ನೀರಿನ ರುಚಿ ನೋಡಿ ಉಪ್ಪು ಹಾಕುವವರು ಯಾವಾಗಲೂ ಹೆಚ್ಚು ಹಾಕುತ್ತಾರೆ. ಹೆಸರಿನಲ್ಲಿಯೇ ಉಪ್ಪಿದೆಯೆಂದು ನಾವು ಅಂಜಬೇಕಾದದ್ದಿಲ್ಲ. ಒಂದೂವರೆ ಬಟ್ಟಲು ರವೆಗೆ ಅರ್ಧ ಚಮಚ ಹಾಕಿ, ಹಸಿ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವುಗಳನ್ನು ಹೆಚ್ಚಿಸಿ, ಇಳಿಸಿದ ಮೇಲೆ ಒಂದು ನಿಂಬೆಹಣ್ಣು ಹಿಂಡಿ ನೋಡಿರಿ. ಜುಣಕಕ್ಕೂ ಹಾಗೆಯೇ. ಈರುಳ್ಳಿಯನ್ನು ಕೆಂಪಗೆ ಹುರಿದರೆ ಅದರ ಸಿಹಿ, ಬೆಳ್ಳುಳ್ಳಿಯ ಖಮಂಗ ವಾಸನೆ, ಮೇಲೆ ಹಸಿ ಕೊತ್ತಂಬರಿ. ಅರ್ಧ ಚಮಚದಲ್ಲಿ ನಾಲ್ಕು ಮಂದಿಯ ಜುಣಕ ಚೆನ್ನಾಗಿಯೇ ಆಗುತ್ತದೆ.

ಆದರೆ ಇದೆಲ್ಲವನ್ನೂ ಒಂದೇ ದಿನ ಮಾಡಬೇಡಿರಿ. ಇಂದು ಎರಡು ಚಮಚ ಹಾಕುವ ಹಿಂಡಿಗೆ ಮುಂದಿನ ಸಲ ಒಂದು, ಅದರ ಮುಂದಿನ ಸಲ ಅರ್ಧ, ಆಮೇಲೆ ಬಿಟ್ಟುಬಿಡಿರಿ. ನಾಲಿಗೆಗೂ ಶಿಕ್ಷಣ ಬೇಕು. ೧೯೮೨ರಲ್ಲಿ ಅಮೇರಿಕೆಯ ಸಂಶೋಧಕರು ಕೆಲವರಿಗೆ ತಿಂಗಳುಗಟ್ಟಲೆ ಕಡಿಮೆ ಉಪ್ಪಿನ ಊಟ ಮಾಡಿಸಿ ನೋಡಿದರು. ಕೆಲವು ವಾರಗಳಾದ ಮೇಲೆ ಅವರಿಗೆ ಕಡಿಮೆ ಉಪ್ಪೇ ರುಚಿಯೆನ್ನಿಸತೊಡಗಿತು. ನಮ್ಮ ಮನೆಯಲ್ಲಿ ಮೊದಲ ವಾರ ನನ್ನ ತಾಯಿ, "ಏನಪಾ, ದವಾಖಾನಿ ಊಟ ಆತಲ್ಲ ಇದು" ಎಂದರು. ಮೂರು ತಿಂಗಳಾದ ಮೇಲೆ ಒಂದು ಮದುವೆಗೆ ಹೋಗಿ ಬಂದು, "ಸಾರು ಉಪ್ಪಂದ್ರ ಉಪ್ಪು, ಬಾಯಿಗೆ ಹಾಕಾಕ ಆಗ್ಲಿಲ್ಲ" ಎಂದವರೂ ಅವರೇ.

ಈಗ ನಾನು ಬಹಳ ಮುಖ್ಯವೆಂದು ತಿಳಿದಿರುವ ಮಾತಿಗೆ ಬರುತ್ತೇನೆ. ನಮ್ಮ ಮನೆಗಳಲ್ಲಿ ರೋಗಿಗೆ ಬೇರೆ ಅಡಿಗೆ ಮಾಡುವ ರೂಢಿಯಿದೆ. ನಮ್ಮ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರಿಗೆ ಐವತ್ತೆರಡನೆಯ ವಯಸ್ಸಿಗೆ ಲಕ್ವ ಹೊಡೆಯಿತು. ಹೆಸರು ಬೇಡ. ಅವರ ಕಾಗದಪತ್ರಗಳಿಗೆ ಸಹಿ ಮಾಡಿಸಿಕೊಳ್ಳಲು ನಾನು ಮನೆಗೆ ಹೋದೆ. ತಿಂಗಳು ತಿಂಗಳು ಪಗಾರದ ಪುಸ್ತಕದಲ್ಲಿ ದುಂಡಾಗಿ ಸಹಿ ಮಾಡುತ್ತಿದ್ದ ಮನುಷ್ಯರು, ಬಲಗೈ ಏಳಲಿಲ್ಲ, ಎಡಗೈಯ ಹೆಬ್ಬೆಟ್ಟು ಒತ್ತಿದರು. ಅಷ್ಟರಲ್ಲಿ ಅವರ ಊಟ ಬಂದಿತು. ಒಂದು ಸಣ್ಣ ಪಾತ್ರೆಯಲ್ಲಿ ಉಪ್ಪು-ಖಾರವಿಲ್ಲದ ಬೇಳೆ, ಅನ್ನ. ಒಳಗೆ ಉಳಿದವರಿಗೆ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ಅವರು ನನ್ನ ಕಡೆ ನೋಡಿ, "ರೋಗ ಬಂದದ್ದಕ್ಕ ಇಷ್ಟು ಬ್ಯಾಸರ ಇಲ್ಲ. ಮನ್ಯಾಗ ನನ್ನ ತಾಟ ಬ್ಯಾರೆ ಆತು, ನೋಡ್ರಿ" ಎಂದರು. ಮುಂದೆ ಮೊಮ್ಮಗನ ಕೈಯಿಂದ ಕದ್ದು ಉಪ್ಪಿನಕಾಯಿ ತರಿಸಿಕೊಂಡು ತಿನ್ನತೊಡಗಿದರೆಂದು ಕೇಳಿದೆ. ಒತ್ತಡ ಇಳಿಯಲೇ ಇಲ್ಲ.

ಆ ಮನೆಯ ಸೊಸೆಯೇ ಕೊನೆಗೆ ಉಪಾಯ ತೆಗೆದರು. ಬೇರೆ ಪಾತ್ರೆಯನ್ನು ನಿಲ್ಲಿಸಿ, ಇಡಿಯ ಮನೆಗೆ ಒಂದೇ ಅಡಿಗೆ ಮಾಡಿದರು. ಎಲ್ಲರಿಗೂ ಕಡಿಮೆ ಉಪ್ಪು. ಎಲ್ಲರ ಮುಂದೆಯೂ ಉಪ್ಪಿಲ್ಲದ ಹಿಂಡಿಯ ಡಬ್ಬಿ, ಮೊಸರು, ನಿಂಬೆಹಣ್ಣು. ಸಾಲದಾದ ಹುಡುಗರು ತಮ್ಮ ತಾಟಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಲಿ, ಆದರೆ ಮಾವನವರ ಎದುರಿಗೆ ಬೇಡ ಎಂದು ಹೇಳಿದರು. ಹಿರಿಯರು ಮತ್ತೆ ಪಂಕ್ತಿಯಲ್ಲಿ ಕೂತರು. ಕೈ ಪೂರ್ತಿ ಬಂದಿಲ್ಲ, ಮಾತ್ರೆಯೂ ತಪ್ಪಿಲ್ಲ. ಆದರೆ ಕದ್ದು ತಿನ್ನುವದು ನಿಂತಿದೆ. ಆ ಮನೆಯ ಮಕ್ಕಳಿಗೂ ಚಿಕ್ಕಂದಿನಿಂದಲೇ ಕಡಿಮೆ ಉಪ್ಪಿನ ರುಚಿ ಬಿದ್ದಿತು. ರೋಗಿಗೆ ಪಥ್ಯ ಎನ್ನುವದಕ್ಕಿಂತ ಮನೆಗೇ ರೂಢಿ ಎಂದರೆ ಅದು ಉಳಿಯುತ್ತದೆ.

ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಗಿಸುವಂತಿಲ್ಲ. ಉಪ್ಪು ಕಡಿಮೆ ಮಾಡಿದೆವೆಂದು ಒತ್ತಡದ ಮಾತ್ರೆಯನ್ನು ತಾವೇ ಬಿಡಬಾರದು, ಬಿಡಿಸುವವರು ವೈದ್ಯರು. ಎರಡನೆಯದು, ಅಯೋಡಿನ್ ಸೇರಿಸಿದ ಉಪ್ಪನ್ನೇ ಬಳಸಿರಿ. ಗಳಗಂಡ ರೋಗವನ್ನು ತಡೆಯಲು ನಮ್ಮ ದೇಶದಲ್ಲಿ ೧೯೬೨ರಿಂದ ಈ ಕೆಲಸ ನಡೆದಿದೆ. ಬಸುರಿಯರಿಗೂ ಮಕ್ಕಳಿಗೂ ಅಯೋಡಿನ್ ಅವಶ್ಯಕ. ಸೈಂಧವ ಲವಣ, ಹರಳುಪ್ಪುಗಳಲ್ಲಿ ಸೋಡಿಯಂ ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ; ಅವೂ ಬಹುಮಟ್ಟಿಗೆ ಅದೇ ಉಪ್ಪು.

ಮೂರನೆಯದು, ಈಗ ಪೇಟೆಯಲ್ಲಿ ಕಡಿಮೆ ಸೋಡಿಯಮ್ಮಿನ ಉಪ್ಪು ಎಂದು ಸಿಗುತ್ತದೆ. ಅದರಲ್ಲಿ ಒಂದು ಪಾಲನ್ನು ಪೊಟ್ಯಾಸಿಯಂ ಲವಣದಿಂದ ತುಂಬಿರುತ್ತಾರೆ. ಚೀನದ ೬೦೦ ಹಳ್ಳಿಗಳಲ್ಲಿ ಸುಮಾರು ೨೧,೦೦೦ ಜನರ ಮೇಲೆ ಐದು ವರ್ಷ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಉಪ್ಪನ್ನು ಬಳಸಿದವರಲ್ಲಿ ಲಕ್ವ ನೂರಕ್ಕೆ ೧೪ರಷ್ಟು ಕಡಿಮೆಯಾಯಿತು. ಒಳ್ಳೆಯ ವಸ್ತುವೇ. ಆದರೆ ಮೂತ್ರಪಿಂಡದ ತೊಂದರೆಯಿದ್ದವರಿಗೆ ಪೊಟ್ಯಾಸಿಯಂ ಅಪಾಯ. ಒತ್ತಡದ ಕೆಲವು ಮಾತ್ರೆಗಳೊಡನೆಯೂ ಅದು ಸರಿಬರುವದಿಲ್ಲ. ಆದುದರಿಂದ ವೈದ್ಯರನ್ನು ಕೇಳದೆ ಅದನ್ನು ತರಬೇಡಿರಿ. ಹಿಂಡಿಯ ಡಬ್ಬಿಯಲ್ಲಿ ಹೊಸ ಲವಣವೇನೂ ಇಲ್ಲ. ಮೂತ್ರಪಿಂಡದ ರೋಗಿಗಳಿಗೆ ಮಾತ್ರ ಶೇಂಗಾ, ಬೇಳೆಗಳ ಪ್ರಮಾಣವನ್ನೂ ವೈದ್ಯರೇ ಹೇಳಬೇಕು.

ಗಿರಣಿಯ ಗೆಳೆಯರು ನನ್ನನ್ನು ಯಾವಾಗಲೂ ಕೇಳುವ ಪ್ರಶ್ನೆ: "ನಾವು ದಿನಾ ಬೆವರು ಸುರಿಸಾವ್ರು, ನಮಗ ಉಪ್ಪು ಹೆಚ್ಚಿಗಿ ಬೇಕಲ್ಲ?" ಸೊಲ್ಲಾಪುರದ ಮೇ ತಿಂಗಳ ಬಿಸಿಲನ್ನು ಕಂಡವರು ಈ ಪ್ರಶ್ನೆಗೆ ನಗಲಾರರು. ಬೆವರಿನಲ್ಲಿ ಉಪ್ಪು ಹೋಗುವದು ನಿಜ; ಆದರೆ ನೀರು ಅದಕ್ಕಿಂತ ಬಹಳ ಹೆಚ್ಚು ಹೋಗುತ್ತದೆ. ಮೊದಲು ಬೇಕಾದದ್ದು ನೀರು, ತೆಳುವಾದ ಮಜ್ಜಿಗೆ. ನಮ್ಮಲ್ಲಿ ಬಹಳ ಜನ ಮೊದಲೇ ಬೇಕಾದದ್ದಕ್ಕಿಂತ ಹೆಚ್ಚು ಉಪ್ಪು ತಿನ್ನುತ್ತಿದ್ದೇವೆ. ಆದರೂ ದಿನವಿಡೀ ಬಿಸಿಲಲ್ಲಿ ಇಲ್ಲವೆ ಉಗಿಯ ಹತ್ತಿರ ದುಡಿಯುವವರು, ಕೈಕಾಲು ಸೆಳೆತ ಬರುವವರು ವೈದ್ಯರನ್ನು ಕೇಳಿಯೇ ನಡೆಯಬೇಕು. ವಾಂತಿಭೇದಿಯಾದಾಗ ಕೊಡುವ ಉಪ್ಪು-ಸಕ್ಕರೆಯ ನೀರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಅಲ್ಲಿ ಉಪ್ಪು ಪ್ರಾಣ ಉಳಿಸುತ್ತದೆ.

ನಾನು ಹೇಳಿದ್ದು ಮೂರೇ ಕೆಲಸ: ಪೊಟ್ಟಣದ ಮೇಲೆ ತಾರೀಖು, ದಿನದ ಬಟ್ಟಲು, ಉಪ್ಪಿಲ್ಲದ ಪುಡಿಯ ಡಬ್ಬಿ. ಮೂರಕ್ಕೂ ಹೊಸದಾಗಿ ಹಣ ಬೇಕಾಗಿಲ್ಲ. ಕಾರ್ಯದರ್ಶಿಗಳ ಅನುಮತಿಯಿಂದ ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ವಹಿಯನ್ನು ಇಡುತ್ತಿದ್ದೇನೆ. ಇಚ್ಛೆಯುಳ್ಳವರು ಹೆಸರಿನ ಬದಲು ಒಂದು ಅಂಕಿಯನ್ನು ಹಾಕಿ, ಮನೆಯ ಮಂದಿ ಎಷ್ಟು, ಪೊಟ್ಟಣ ಒಡೆದದ್ದು ಯಾವಾಗ, ಮುಗಿದದ್ದು ಯಾವಾಗ ಎಂದು ಬರೆಯಬಹುದು. ಭಾಗಾಕಾರ ನಾನು ಮಾಡುತ್ತೇನೆ. ಅದು ನನ್ನ ಹೊಟ್ಟೆಪಾಡಿನ ವಿದ್ಯೆ. ತಮ್ಮ ತಮ್ಮ ಮನೆಯ ಉಪ್ಪಿಲ್ಲದ ಹಿಂಡಿಯ ಕ್ರಮವನ್ನೂ ತಾಯಂದಿರು ಅದರಲ್ಲಿ ಬರೆದರೆ ಎಲ್ಲರಿಗೂ ಉಪಕಾರವಾಗುತ್ತದೆ. ಅಳತೆಗಳಲ್ಲಿ ಹೆಚ್ಚುಕಡಿಮೆ ಕಂಡರೆ ಅಲ್ಲಿಯೇ ತಿದ್ದಿರಿ.